ಬೆಟ್ಟ ಹತ್ತುವ ಟರ್ಬೊ ಕಾರು

ನಮ್ಮ ಮಾತುಕತೆಯ ಕೊನೆಯಲ್ಲಿ ಪಾಲಿಟೆಕ್ನಿಕ್ ವಿದ್ಯಾರ್ಥಿಯೊಬ್ಬರು ಕೇಳಿದ ಪ್ರಶ್ನೆಗೆ ಸಮಯ ಸಾಲಲಿಲ್ಲ. “ಸರ್, ಟರ್ಬೊ ಇರೋ ಗಾಡಿಗೆ ಎತ್ತರದ ತೊಂದರೆ ಇಲ್ಲ ಅಂತಾರೆ. ಹಾಗಾದ್ರೆ ಲಡಾಖಿಗೆ ಹೋದ ಟರ್ಬೊ ಕಾರುಗಳೂ ಯಾಕೆ ಏದುಸಿರು ಬಿಡ್ತವೆ?” ಎಂಬುದು ಆ ಪ್ರಶ್ನೆ. ಎರಡು ವಾಕ್ಯದಲ್ಲಿ ಉತ್ತರಿಸಿ ಕೈತೊಳೆದುಕೊಳ್ಳುವಂಥದ್ದಲ್ಲ ಅದು. ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ.

ಜನ ಆಡುವ ಮಾತಿನಲ್ಲಿ ಅರ್ಧ ನಿಜವಿದೆ. ಉಳಿದರ್ಧವನ್ನು ತಿಳಿಯದೆ ಎಂಜಿನ್ನಿಗೆ ಕೈಹಾಕಿದರೆ ಟರ್ಬೊ ಹಾಳಾಗಬಹುದು, ಪಿಸ್ಟನ್ ಕರಗಿ ತೂತೂ ಬೀಳಬಹುದು. ಆದ್ದರಿಂದ ಎರಡೂ ಅರ್ಧಗಳನ್ನು ತಿಳಿದುಕೊಳ್ಳುವುದು ಒಳ್ಳೆಯದು.

ಇದಕ್ಕೆ ನಾವು ಮೊದಲು ಹೋಗಬೇಕಾದದ್ದು ಅಮೆರಿಕದ ಕೊಲೊರಾಡೊ ರಾಜ್ಯಕ್ಕೆ. ಅಲ್ಲಿನ ರಾಕಿ ಪರ್ವತಗಳಲ್ಲಿ ಪೈಕ್ಸ್ ಪೀಕ್ ಎಂಬ ಶಿಖರವಿದೆ. ಅದರ ಎತ್ತರ 4,302 ಮೀಟರ್. ತುದಿಯವರೆಗೂ ವಾಹನ ಹೋಗುವ ರಸ್ತೆಯಿದೆ. 1918ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಎಂಜಿನಿಯರ್ ಸ್ಯಾನ್‌ಫರ್ಡ್ ಮಾಸ್ ಒಂದು ವಿಮಾನದ ಎಂಜಿನ್ನನ್ನು ಲಾರಿಯಲ್ಲಿ ಹೇರಿಕೊಂಡು ಆ ತುದಿಗೆ ಹೋದರು. ಲಿಬರ್ಟಿ ಎಂಬುದು ಆ ಎಂಜಿನ್ನಿನ ಹೆಸರು. ಯುದ್ಧವಿಮಾನಗಳು ಮೇಲೇರಿದಂತೆ ಶಕ್ತಿಗುಂದುತ್ತಿದ್ದ ಕಾಲವದು. ವಿಮಾನವನ್ನು ಹಾರಿಸಿ ಆಕಾಶದಲ್ಲಿ ಅಳತೆ ಮಾಡುವುದಕ್ಕಿಂತ ಎಂಜಿನ್ನನ್ನು ಬೆಟ್ಟದ ಮೇಲಿಟ್ಟು ಅಳೆಯುವುದು ಸುಲಭ ಎಂಬುದು ಅವರ ಯೋಚನೆ.

ಅಳತೆ ಹೀಗೆ ಬಂತು. ಸಮುದ್ರಮಟ್ಟದಲ್ಲಿ ಆ ಎಂಜಿನ್ನಿನ ಶಕ್ತಿ 350 ಅಶ್ವಶಕ್ತಿ. ಶಿಖರದ ಮೇಲೆ, ಯಾವ ಸಹಾಯವೂ ಇಲ್ಲದೆ, 230. ಟರ್ಬೊ ಜೋಡಿಸಿದ ಮೇಲೆ ಅದೇ ಶಿಖರದಲ್ಲಿ 356! ಟರ್ಬೊ ಎತ್ತರವನ್ನು ಗೆಲ್ಲುತ್ತದೆ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಟರ್ಬೊ ಕಾರುಗಳಲ್ಲಿ ವೇಗದ ಮೋಜಿಗೆ ಬಂದದ್ದು ಎಷ್ಟೋ ವರ್ಷಗಳ ನಂತರ. ಆಕಾಶದಲ್ಲಿ ಅದನ್ನು ಬೆಳೆಸಿದ್ದು ಎತ್ತರದ ತೆಳುಗಾಳಿಯ ಕಷ್ಟವೇ.

ಈ 230ರ ಅಂಕಿ ಎಲ್ಲಿಂದ ಬಂತು ಎಂದು ನೀವೇ ಲೆಕ್ಕ ಹಾಕಬಹುದು. ಎಂಜಿನ್ ಪೆಟ್ರೋಲಿನಿಂದ ನಡೆಯುತ್ತದೆ ಎನ್ನುತ್ತೇವೆ. ಆದರೆ ತೂಕದಲ್ಲಿ ನೋಡಿದರೆ ಅದು ಹೆಚ್ಚಾಗಿ ಸೇವಿಸುವುದು ಗಾಳಿಯನ್ನು. 1 ಗ್ರಾಂ ಪೆಟ್ರೋಲ್ ಪೂರ್ತಿಯಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಸಿಲಿಂಡರಿನ ಗಾತ್ರ ಬೆಟ್ಟದ ಮೇಲೂ ಅಷ್ಟೇ, ಕೆಳಗೂ ಅಷ್ಟೇ. ಬದಲಾಗುವುದು ಆ ಗಾತ್ರದೊಳಗೆ ಹಿಡಿಯುವ ಗಾಳಿಯ ತೂಕ. ಸಮುದ್ರಮಟ್ಟದಲ್ಲಿ ವಾಯುವಿನ ಒತ್ತಡ 101 ಕಿಲೊಪಾಸ್ಕಲ್. ಪೈಕ್ಸ್ ಪೀಕ್ ತುದಿಯಲ್ಲಿ ಸುಮಾರು 59. ಅಂದರೆ ಶೇಕಡಾ 58. ಹಾಗಾದರೆ ಶಕ್ತಿ 205ಕ್ಕೆ ಇಳಿಯಬೇಕಿತ್ತಲ್ಲ? ಇಲ್ಲೊಂದು ಸೂಕ್ಷ್ಮವಿದೆ. ಮೇಲಿನ ಗಾಳಿ ತಣ್ಣಗಿರುತ್ತದೆ, ತಣ್ಣನೆಯ ಗಾಳಿ ಹೆಚ್ಚು ಒತ್ತಾಗಿರುತ್ತದೆ. ಪಠ್ಯಪುಸ್ತಕದ ಪ್ರಮಾಣಿತ ವಾತಾವರಣದ ಪ್ರಕಾರ ಆ ಎತ್ತರದಲ್ಲಿ ಸಾಂದ್ರತೆ ಸಮುದ್ರಮಟ್ಟದ ಶೇಕಡಾ 65ರಷ್ಟಿರುತ್ತದೆ. 350ರಲ್ಲಿ ಶೇಕಡಾ 65 ಎಂದರೆ 227. ಮಾಸ್ ಅಳೆದದ್ದು 230. ನೂರು ವರ್ಷ ಹಿಂದಿನ ಅಳತೆ ನಿಮ್ಮ ನೋಟ್‌ಬುಕ್ಕಿನ ಲೆಕ್ಕಕ್ಕೆ ಹೀಗೆ ತಾಳೆಯಾಗುವುದು ಸಂತೋಷದ ವಿಷಯವಲ್ಲವೇ?

ಟರ್ಬೊ ಇಲ್ಲದ ಹಳೆಯ ಕಾರಿನಲ್ಲಿ ಇನ್ನೊಂದು ಪೀಡೆಯೂ ಇತ್ತು. ಕಾರ್ಬ್ಯುರೇಟರ್ ಪೆಟ್ರೋಲನ್ನು ಅಳೆದುಕೊಡುವುದು ತನ್ನ ಮೂಲಕ ಹಾಯುವ ಗಾಳಿಯ ಎಳೆತದಿಂದ; ಗಾಳಿಯ ತೂಕ ಅದಕ್ಕೆ ತಿಳಿಯದು. ಗಾಳಿ ತೆಳುವಾದಷ್ಟೂ ಪೆಟ್ರೋಲ್ ಅದೇ ಪ್ರಮಾಣದಲ್ಲಿ ಕಡಿಮೆಯಾಗುವುದಿಲ್ಲ. ಪೈಕ್ಸ್ ಪೀಕ್ ತುದಿಯಲ್ಲಿ ಗಾಳಿಯ ತೂಕಕ್ಕೆ ಹೋಲಿಸಿದರೆ ಪೆಟ್ರೋಲ್ ನಾಲ್ಕನೇ ಒಂದು ಭಾಗದಷ್ಟು ಹೆಚ್ಚಾಗಿಬಿಡುತ್ತದೆ. ಗಾಡಿ ಕೆಮ್ಮುತ್ತದೆ, ಕಪ್ಪು ಹೊಗೆ ಬಿಡುತ್ತದೆ. ಘಟ್ಟ ಹತ್ತಿದ ಮೇಲೆ “ಪೆಟ್ರೋಲ್ ಕಲಬೆರಕೆ” ಎಂದು ಬಂಕಿನವನನ್ನು ಬೈದ ಚಾಲಕರಲ್ಲಿ ಕೆಲವರಾದರೂ ಬೈಯಬೇಕಾಗಿದ್ದದ್ದು ವಾಯುಭಾರವನ್ನು. ಮೆಕ್ಯಾನಿಕ್ ಚಿಕ್ಕ ಜೆಟ್ ಹಾಕಿದರೆ ಮೇಲೆ ಸರಿಹೋಗುತ್ತಿತ್ತು. ಅದೇ ಜೆಟ್ಟಿನೊಂದಿಗೆ ಕೆಳಗಿಳಿದರೆ ಪೆಟ್ರೋಲ್ ಸಾಲದೆ ಎಂಜಿನ್ ವಿಪರೀತ ಕಾಯುತ್ತಿತ್ತು. ಈಗಿನ ಕಾರುಗಳಲ್ಲಿ ಸಂವೇದಕಗಳು ಗಾಳಿಯನ್ನು ಅಳೆದು, ಕಂಪ್ಯೂಟರ್ ಅದಕ್ಕೆ ತಕ್ಕಷ್ಟೇ ಇಂಧನ ಸಿಂಪಡಿಸುವುದರಿಂದ ಈ ಪೀಡೆ ತಪ್ಪಿದೆ.

ಇನ್ನು ಟರ್ಬೊ. ಅದರ ರಚನೆ ಸರಳ. ಒಂದೇ ದಂಡದ ಎರಡು ತುದಿಗೆ ಎರಡು ಚಕ್ರ. ಹೊಗೆಯ ರಭಸಕ್ಕೆ ಒಂದು ಚಕ್ರ, ಅಂದರೆ ಟರ್ಬೈನ್, ತಿರುಗುತ್ತದೆ. ಅದರೊಂದಿಗೆ ತಿರುಗುವ ಇನ್ನೊಂದು ಚಕ್ರ, ಕಂಪ್ರೆಸರ್, ಹೊರಗಿನ ಗಾಳಿಯನ್ನು ಹೀರಿ ಒತ್ತಿ ಸಿಲಿಂಡರಿಗೆ ತಳ್ಳುತ್ತದೆ. ಬೇಕಾದಕ್ಕಿಂತ ಹೆಚ್ಚು ಒತ್ತಡ ಬಂದರೆ ವೇಸ್ಟ್‌ಗೇಟ್ ಎಂಬ ಕದ ತೆರೆದು ಸ್ವಲ್ಪ ಹೊಗೆಯನ್ನು ಟರ್ಬೈನಿಗೆ ತಾಗದಂತೆ ಹೊರಬಿಡುತ್ತದೆ. ಎತ್ತರದ ಕಥೆಯೆಲ್ಲ ಇರುವುದು ಈ ಕದ ಯಾವಾಗ ತೆರೆಯಬೇಕು ಎಂಬ ತೀರ್ಮಾನದಲ್ಲಿ.

ಇಲ್ಲಿ ಒಂದು ಭೇದವನ್ನು ಮನಸ್ಸಿನಲ್ಲಿ ಗಟ್ಟಿಮಾಡಿಕೊಳ್ಳಬೇಕು. ಮಂಗಳೂರಿನಲ್ಲಿ ಕೊಂಡ ಚಿಪ್ಸ್ ಪೊಟ್ಟಣ ಮಡಿಕೇರಿ ಸೇರುವಷ್ಟರಲ್ಲಿ ಉಬ್ಬಿರುವುದನ್ನು ನೋಡಿದ್ದೀರಿ. ಒಳಗಿನ ಗಾಳಿ ಹೆಚ್ಚಿಲ್ಲ, ಹೊರಗಿನ ಒತ್ತಡ ಕಡಿಮೆಯಾಗಿದೆ. ಒಳಗಿರುವ ಒಟ್ಟು ಒತ್ತಡ ಒಂದು ಲೆಕ್ಕ. ಅದನ್ನು ನಿರಪೇಕ್ಷ ಒತ್ತಡ ಎನ್ನುತ್ತೇವೆ. ಹೊರಗಿನದಕ್ಕಿಂತ ಒಳಗೆ ಎಷ್ಟು ಹೆಚ್ಚಿದೆ ಎಂಬುದು ಇನ್ನೊಂದು ಲೆಕ್ಕ. ಅದು ಗೇಜ್ ಒತ್ತಡ. ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಕೂಡಿಸುವ ಸಾಮಾನ್ಯ ಬೂಸ್ಟ್ ಗೇಜ್ ತೋರಿಸುವುದು ಎರಡನೆಯದನ್ನು. ಎಂಜಿನ್ನಿನ ಶಕ್ತಿ ನಿಂತಿರುವುದು ಮೊದಲನೆಯದರ ಮೇಲೆ.

ಸ್ಪ್ರಿಂಗಿನಿಂದ ನಡೆಯುವ ಹಳೆಯ ಬಗೆಯ ವೇಸ್ಟ್‌ಗೇಟಿಗೂ ತಿಳಿಯುವುದು ಗೇಜ್ ಒತ್ತಡ ಮಾತ್ರ. ಅದರ ಪೊರೆಯ ಒಂದು ಬದಿಗೆ ಟರ್ಬೊ ಗಾಳಿ, ಇನ್ನೊಂದು ಬದಿಗೆ ಸ್ಪ್ರಿಂಗ್ ಮತ್ತು ಹೊರಗಿನ ಗಾಳಿ. 100 ಕಿಲೊಪಾಸ್ಕಲಿಗೆ, ಅಂದರೆ 1 ಬಾರ್‌ಗೆ ಕಟ್ಟಿದ ಸ್ಪ್ರಿಂಗ್ ಸಮುದ್ರದಂಡೆಯಲ್ಲಿ 101ಕ್ಕೆ 100 ಸೇರಿಸಿ 201 ಕಿಲೊಪಾಸ್ಕಲ್ ಕೊಡುತ್ತದೆ. ಪೈಕ್ಸ್ ಪೀಕ್ ತುದಿಯಲ್ಲಿ 59ಕ್ಕೆ 100 ಸೇರಿಸಿ 159. ಬೂಸ್ಟ್ ಗೇಜಿನ ಮುಳ್ಳು ಎರಡೂ ಕಡೆ 1 ಬಾರ್ ಎಂದೇ ತೋರಿಸುತ್ತದೆ. ಚಾಲಕ ಎಲ್ಲ ಸರಿಯಿದೆ ಎಂದುಕೊಳ್ಳುತ್ತಾನೆ. ಆದರೆ ಒಳಗಿನ ಒತ್ತಡದಲ್ಲಿ ಐದನೇ ಒಂದು ಭಾಗ ಹೋಗಿರುತ್ತದೆ. ಟರ್ಬೊ ಇಲ್ಲದ ಎಂಜಿನ್ ಇದೇ ಲೆಕ್ಕದಲ್ಲಿ ಐದರಲ್ಲಿ ಎರಡು ಭಾಗ ಕಳೆದುಕೊಳ್ಳುತ್ತದೆ. ‘ಅರ್ಧ ನಿಜ’ ಎಂದು ಮೊದಲಿಗೆ ಹೇಳಿದ್ದು ಹೀಗೆ ಅಂಕಿಯಲ್ಲೂ ನಿಜವಾಯಿತು.

“ಹಾಗಾದರೆ ಕದವನ್ನು ಇನ್ನೂ ಸ್ವಲ್ಪ ಹೊತ್ತು ಮುಚ್ಚಿಟ್ಟು, ಮೇಲೂ 201ನ್ನೇ ತಂದರಾಯಿತಲ್ಲ?” ಎಂದು ನೀವು ಕೇಳಬಹುದು. ತರಬಹುದು. ಮಾಸ್ ಮಾಡಿದ್ದು ಹೆಚ್ಚುಕಡಿಮೆ ಅದನ್ನೇ. ಇಂದಿನ ಕಾರುಗಳ ಕಂಪ್ಯೂಟರ್ ಕೂಡ ನಿರಪೇಕ್ಷ ಒತ್ತಡವನ್ನು ನೋಡಿ ವೇಸ್ಟ್‌ಗೇಟನ್ನು ಆಡಿಸಬಲ್ಲದು. ಆದರೆ ಅದಕ್ಕೆ ಬೆಲೆ ತೆರಬೇಕು.

ಕೆಳಗೆ ಕಂಪ್ರೆಸರ್ ಗಾಳಿಯನ್ನು ಎರಡು ಪಟ್ಟು ಒತ್ತಿದರೆ 201 ಬರುತ್ತಿತ್ತು. ಮೇಲೆ 59ರಿಂದ 201ಕ್ಕೆ ಹೋಗಬೇಕಾದರೆ 3.4 ಪಟ್ಟು ಒತ್ತಬೇಕು. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುತ್ತದಲ್ಲ, ಇಲ್ಲಿಯೂ ಅದೇ. 27 ಡಿಗ್ರಿ ಸೆಲ್ಸಿಯಸ್ ಗಾಳಿಯನ್ನು ಒಂದು ಒಳ್ಳೆಯ ಕಂಪ್ರೆಸರಿನಲ್ಲಿ ಎರಡು ಪಟ್ಟು ಒತ್ತಿದರೆ ಅದು ಸುಮಾರು 120 ಡಿಗ್ರಿಗೆ ಏರುತ್ತದೆ. ಬೆಟ್ಟದ ಮೇಲಿನ 7 ಡಿಗ್ರಿಯ ತಣ್ಣನೆ ಗಾಳಿಯನ್ನೇ ತೆಗೆದುಕೊಂಡು 3.4 ಪಟ್ಟು ಒತ್ತಿದರೂ 170 ಡಿಗ್ರಿ ದಾಟುತ್ತದೆ. ಮೇಲಿನ ಚಳಿ ಸಹಾಯ ಮಾಡುತ್ತದೆ ಎಂಬ ಭರವಸೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಈ ಕಾದ ಗಾಳಿಯನ್ನು ತಣಿಸಲು ಇಂಟರ್‌ಕೂಲರ್ ಇದೆ, ನಿಜ. ಆದರೆ ಅದನ್ನು ತಣಿಸಬೇಕಾದ ಹೊರಗಾಳಿಯೇ ತೆಳುವಾಗಿದೆಯಲ್ಲ! ರೇಡಿಯೇಟರಿನ ಪಾಡೂ ಅದೇ.

ಕಾದ ಗಾಳಿ ಸಿಲಿಂಡರಿಗೆ ಹೋದರೆ ಪೆಟ್ರೋಲ್ ಮಿಶ್ರಣ ಕಿಡಿಯ ಜ್ವಾಲೆ ತಲುಪುವ ಮೊದಲೇ ತಾನಾಗಿ ಸ್ಫೋಟಿಸಬಹುದು. ಇದೇ ನಾಕಿಂಗ್. ಲೋಹವನ್ನು ಸುತ್ತಿಗೆಯಿಂದ ಬಡಿದಂತೆ ಸದ್ದು ಬರುತ್ತದೆ. ಹಾಗೆಯೇ ಮುಂದುವರಿದರೆ ಪಿಸ್ಟನ್ ಉಳಿಯುವುದಿಲ್ಲ. ತಡೆಯಲು ಕಿಡಿಯ ಸಮಯವನ್ನು ಹಿಂದಕ್ಕೆ ಸರಿಸಬೇಕು, ಇಲ್ಲವೇ ಪೆಟ್ರೋಲ್ ಹೆಚ್ಚಿಸಿ ಒಳಗನ್ನು ತಣಿಸಬೇಕು. ಟರ್ಬೊ ಇಲ್ಲದ ಎಂಜಿನ್ನಿನಲ್ಲಿ ಎತ್ತರಕ್ಕೆ ಹೋದಂತೆ ಕಿಡಿಯನ್ನು ಮುಂದಕ್ಕೆ ತರುವುದು ವಾಡಿಕೆ. ತೆಳುವಾದ ಮಿಶ್ರಣ ನಿಧಾನವಾಗಿ ಉರಿಯುತ್ತದೆ, ನಾಕಿಂಗ್ ಭಯವೂ ಕಡಿಮೆ. ಟರ್ಬೊ ಎಂಜಿನ್ನಿನಲ್ಲಿ ಒತ್ತಡವನ್ನು ಪೂರ್ತಿ ಉಳಿಸಿಕೊಂಡರೆ ಹೆಜ್ಜೆ ಅದಕ್ಕೆ ತಿರುಗುಮುರುಗಾಗಬೇಕಾಗಬಹುದು. ಒಂದೇ ಬೆಟ್ಟಕ್ಕೆ ಎರಡು ವಿರುದ್ಧ ಮದ್ದು!

ಇದೇ ಕಾರಣಕ್ಕೆ ಕೊಲೊರಾಡೊದಂಥ ಅಮೆರಿಕದ ಎತ್ತರದ ರಾಜ್ಯಗಳ ಬಂಕುಗಳಲ್ಲಿ ಒಂದು ಬಲೆಯಿದೆ. ಉಳಿದ ಕಡೆ ಸಾಮಾನ್ಯ ಪೆಟ್ರೋಲಿನ ಆಕ್ಟೇನ್ ಅಂಕ 87 ಇದ್ದರೆ ಅಲ್ಲಿ 85 ಮಾರುತ್ತಾರೆ. (ಅವರ ಅಳತೆಯ ಕ್ರಮ ಬೇರೆ, ನಮ್ಮ ಬಂಕಿನ ಅಂಕದೊಂದಿಗೆ ಇದನ್ನು ನೇರವಾಗಿ ಹೋಲಿಸಬೇಡಿ.) ತೆಳುಗಾಳಿಯಲ್ಲಿ ಕಾರ್ಬ್ಯುರೇಟರಿನ ಹಳೆಯ ಎಂಜಿನ್ನುಗಳಿಗೆ ಅಷ್ಟು ಸಾಕಾಗುತ್ತಿತ್ತು. ಎಂಜಿನ್ನುಗಳು ಬದಲಾದವು, ಪದ್ಧತಿ ಉಳಿಯಿತು. ತೆಳುಗಾಳಿಯನ್ನು ಒತ್ತಿ ಕೆಳಗಿನಷ್ಟೇ ದಟ್ಟವಾಗಿಸುವ ಟರ್ಬೊ ಕಾರಿಗೆ ಆ ರಿಯಾಯಿತಿ ಸಲ್ಲುವುದಿಲ್ಲ. ಕೈಪಿಡಿಯಲ್ಲಿ ಹೇಳಿದ ಪೆಟ್ರೋಲನ್ನೇ ಹಾಕಬೇಕು.

ಎರಡನೆಯ ಬೆಲೆ, ವೇಗ. ಚಿಕ್ಕ ಕಾರಿನ ಟರ್ಬೊ ಚಕ್ರ ನಿಮಿಷಕ್ಕೆ ಒಂದೂವರೆ, ಎರಡು ಲಕ್ಷ ಸುತ್ತು ತಿರುಗುವುದು ಸಾಮಾನ್ಯ. ಹೆಚ್ಚು ಒತ್ತಬೇಕಾದರೆ ಇನ್ನೂ ವೇಗವಾಗಿ ತಿರುಗಬೇಕು. ಮೇಲೆ ಅದು ತಿರುಗುತ್ತದೆ ಕೂಡ. ಹೊಗೆ ಹೊರಬೀಳುವ ವಾತಾವರಣದ ಒತ್ತಡ ಕಡಿಮೆಯಾದ್ದರಿಂದ ಟರ್ಬೈನಿನಲ್ಲಿ ಹೊಗೆ ಹೆಚ್ಚು ಹಿಗ್ಗಿ ಹೆಚ್ಚು ಬಲ ಕೊಡುತ್ತದೆ. ಪ್ರಕೃತಿಯೇ ಸಹಾಯ ಮಾಡಿದಂತೆ ಕಾಣುತ್ತದೆ. ಆದರೆ ಚಕ್ರವನ್ನು ಸೀಳುವ ಬಲ ಸುತ್ತಿನ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಶೇಕಡಾ 10 ಹೆಚ್ಚಿದರೆ ಆ ಬಲ ಶೇಕಡಾ 21 ಹೆಚ್ಚುತ್ತದೆ. ಮಿತಿ ಮೀರಿದ ಚಕ್ರ ಒಡೆದರೆ ಅದರ ಚೂರುಗಳು ಎಂಜಿನ್ನಿಗೂ ಹೋಗಬಹುದು. ಆದ್ದರಿಂದ ಕಾರ್ಖಾನೆಯ ಎಂಜಿನಿಯರುಗಳು ವಾಯುಭಾರವನ್ನು ಅಳೆಯುವ ಸಂವೇದಕವನ್ನು ಇಟ್ಟು, ಒಂದು ಎತ್ತರದ ಮೇಲೆ ಬೂಸ್ಟನ್ನು ತಾವಾಗಿಯೇ ಇಳಿಸುವಂತೆ ಕಂಪ್ಯೂಟರಿಗೆ ಕಲಿಸಿರುತ್ತಾರೆ. ನಮ್ಮ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರ ಬಹುಪಾಲು ಇಲ್ಲಿದೆ. ಸಮುದ್ರಮಟ್ಟದಿಂದ 5,359 ಮೀಟರ್ ಎತ್ತರದ ಖರ್ದುಂಗ್ ಲಾದಲ್ಲಿ ವಾಯುಭಾರ ಕೆಳಗಿನ ಅರ್ಧ ಮಾತ್ರ. ಅಲ್ಲಿ 201 ಕೊಡಬೇಕಾದರೆ ಸುಮಾರು ನಾಲ್ಕು ಪಟ್ಟು ಒತ್ತಬೇಕು. ಅಂಥಲ್ಲಿ ಕಾರು ಏದುಸಿರು ಬಿಡುವುದು ಅದರ ದೋಷವಲ್ಲ. ಟರ್ಬೊ ಒಡೆಯದಿರಲಿ ಎಂದು ಯಾರೋ ಮುಂಚಿತವಾಗಿ ಯೋಚಿಸಿ ಹಾಕಿದ ಲಗಾಮು.

ಮೂರನೆಯದು, ತಡ. ಟರ್ಬೊ ತಿರುಗಲು ಹೊಗೆ ಬೇಕು, ಹೊಗೆಗೆ ಗಾಳಿ ಬೇಕು. ತಿರುವಿನಲ್ಲಿ ನಿಧಾನಿಸಿ ಮತ್ತೆ ಆಕ್ಸಿಲರೇಟರ್ ಒತ್ತಿದಾಗ ಟರ್ಬೊ ಇನ್ನೂ ಎಚ್ಚೆತ್ತಿರುವುದಿಲ್ಲ. ಆ ಕ್ಷಣದಲ್ಲಿ ಅದು ಟರ್ಬೊ ಇಲ್ಲದ ಎಂಜಿನ್ನೇ, ಅದೂ ತೆಳುಗಾಳಿ ಸೇವಿಸುವ ಚಿಕ್ಕ ಎಂಜಿನ್. ಮೇಲೆ ಈ ತಡ ಎದ್ದು ಕಾಣುತ್ತದೆ. ಚಾಲಕರು ಒಂದು ಗೇರ್ ಕೆಳಗಿಟ್ಟು ಎಂಜಿನ್ ಸುತ್ತನ್ನು ಏರಿಸಿಕೊಳ್ಳುವುದು ಇದಕ್ಕೇ.

ಈ ಮೂರೂ ಸೇರಿ ಕಾಡುವ ಸ್ಥಳ ಮತ್ತೆ ಪೈಕ್ಸ್ ಪೀಕ್. ಅಲ್ಲಿ 1916ರಿಂದ ಬೆಟ್ಟ ಹತ್ತುವ ಮೋಟಾರು ಸ್ಪರ್ಧೆ ನಡೆಯುತ್ತಿದೆ. ಸುಮಾರು 20 ಕಿಲೋಮೀಟರ್ ದಾರಿ, 156 ತಿರುವು. ಆರಂಭವೇ 2,862 ಮೀಟರಿನಲ್ಲಿ; ಅಲ್ಲಿ ವಾಯುಭಾರ 71 ಕಿಲೊಪಾಸ್ಕಲ್. ಹತ್ತು ನಿಮಿಷದೊಳಗೆ 59ಕ್ಕೆ ಇಳಿಯುತ್ತದೆ. ಮಧ್ಯದಲ್ಲಿ ನಿಲ್ಲಿಸಿ ಸ್ಪ್ಯಾನರ್ ಹಿಡಿಯುವಂತಿಲ್ಲ. ಯಾವ ಎತ್ತರಕ್ಕೆ ಟ್ಯೂನ್ ಮಾಡಬೇಕು? ತುದಿಯಲ್ಲಿ ಸಾಕಾಗುವಂತೆ ದೊಡ್ಡ ಟರ್ಬೊ ಹಾಕಿದರೆ ಅದರ ಭಾರದ ಚಕ್ರ ಪ್ರತಿ ತಿರುವಿನಲ್ಲೂ ತಡಮಾಡುತ್ತದೆ. ಚುರುಕಾದ ಚಿಕ್ಕ ಟರ್ಬೊ ಹಾಕಿದರೆ ತುದಿ ಸಮೀಪಿಸುವಾಗ ಅದು ವೇಗದ ಮಿತಿಗೆ ತಲೆ ಹೊಡೆಯುತ್ತದೆ. ಇಷ್ಟು ಸಾಲದೆಂಬಂತೆ, ಒಳಗಿನ ಒತ್ತಡವನ್ನು ಒಂದೇ ಸಮ ಇಟ್ಟರೂ ಹೊಗೆಯ ಎದುರೊತ್ತಡ ಮೇಲೆ ಕಡಿಮೆಯಾಗುವುದರಿಂದ ಸಿಲಿಂಡರಿನಲ್ಲಿ ಹಳೆ ಹೊಗೆ ಕಡಿಮೆ ಉಳಿದು ಹೊಸ ಗಾಳಿ ಒಂದಿಷ್ಟು ಹೆಚ್ಚು ಸೇರುತ್ತದೆ. ಇಂಧನದ ಕೋಷ್ಟಕದಲ್ಲಿ ಅದಕ್ಕೂ ಒಂದು ತಿದ್ದುಪಡಿ ಬೇಕು. ವಾಯುಭಾರವನ್ನು ನೋಡದೆ ಬರೆದ ಕೋಷ್ಟಕ ಇಲ್ಲಿ ತಪ್ಪುತ್ತದೆ.

1985ರಲ್ಲಿ ಫ್ರಾನ್ಸಿನ ಮಿಷೆಲ್ ಮುಟೋನ್ ಎಂಬ ಮಹಿಳೆ ಆಡಿಯ ಟರ್ಬೊ ಕಾರಿನಲ್ಲಿ ಇಲ್ಲಿ ಗೆದ್ದರು. 1987ರಲ್ಲಿ ಜರ್ಮನಿಯ ವಾಲ್ಟರ್ ರೋರ್ಲ್ ಅದೇ ಆಡಿಯ ಐದು ಸಿಲಿಂಡರಿನ ಟರ್ಬೊ ಕಾರಿನಲ್ಲಿ 10 ನಿಮಿಷ 47.85 ಸೆಕೆಂಡಿನಲ್ಲಿ ತುದಿ ಮುಟ್ಟಿದರು. ಆಗ ಆ ರಸ್ತೆ ಬಹುಪಾಲು ಜಲ್ಲಿಯದು. ಡಾಂಬರು ಪೂರ್ತಿಯಾದ ಮೇಲೆ, 2013ರಲ್ಲಿ, ಸೆಬಾಸ್ಟಿಯನ್ ಲೋಬ್ ಎರಡು ಟರ್ಬೊಗಳ ಪ್ಯೂಜೊ ಕಾರಿನಲ್ಲಿ 8 ನಿಮಿಷ 13.878 ಸೆಕೆಂಡಿಗೆ ತಂದರು. ಆ ಕಾರಿನ ಶಕ್ತಿ 875 ಅಶ್ವಶಕ್ತಿ, ತೂಕ 875 ಕಿಲೊ. ಒಂದು ಕಿಲೊಗೆ ಒಂದು ಕುದುರೆ!

ನಮಗೆ ಇಷ್ಟು ದೂರದ ಬೆಟ್ಟವೇ ಬೇಕಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಮೇಲಿದೆ. ಅಲ್ಲಿನ ವಾಯುಭಾರ ಸುಮಾರು 91 ಕಿಲೊಪಾಸ್ಕಲ್. ಇಂದು ಚಿಕ್ಕ ಪೆಟ್ರೋಲ್ ಕಾರುಗಳಲ್ಲೂ ಟರ್ಬೊ ಬಂದಿದೆ. ಎಂಜಿನ್ನಿನ ಕಂಪ್ಯೂಟರಿನಲ್ಲಿರುವ ಕೋಷ್ಟಕಗಳನ್ನು ಬದಲಾಯಿಸಿ ಶಕ್ತಿ ಹೆಚ್ಚಿಸುವ ಹುಚ್ಚು ಕಾಲೇಜು ಹುಡುಗರಲ್ಲಿ ಕಡಿಮೆಯೇನಿಲ್ಲ. ಹಾಗೆ ಮಾಡಿಸಿಕೊಂಡವರು ಅಶ್ವಶಕ್ತಿಯ ಚೀಟಿ ಹಿಡಿದು ಓಡಾಡುತ್ತಾರೆ. ಆ ಚೀಟಿಯನ್ನು ನೋಡಿದಾಗ ಒಂದು ಪ್ರಶ್ನೆ ಕೇಳಿ: ಇದರಲ್ಲಿ ಎತ್ತರದ ತಿದ್ದುಪಡಿ ಸೇರಿದೆಯೇ? ಟರ್ಬೊ ಇಲ್ಲದ ಎಂಜಿನ್ನಿಗಾಗಿ ಮಾಡಿದ ತಿದ್ದುಪಡಿಯ ಸೂತ್ರವನ್ನು ಬೆಂಗಳೂರಿನಲ್ಲಿ ಅನ್ವಯಿಸಿದರೆ ಅಂಕಿ ಶೇಕಡಾ 10ರಷ್ಟು ಮೇಲೇರುತ್ತದೆ. ಟರ್ಬೊ ಆ ಕೊರತೆಯನ್ನು ಆಗಲೇ ತುಂಬಿಕೊಂಡಿದ್ದರೆ, ಮತ್ತೆ ಸೇರಿಸಿದ ಆ ಕುದುರೆಗಳು ಕಾಗದದ ಮೇಲಿನವು.

ಅದು ನಗುವ ವಿಷಯವಾಯಿತು. ನಗಲಾಗದ್ದು ಇನ್ನೊಂದಿದೆ. ಹೆಚ್ಚು ಬೂಸ್ಟಿಗಾಗಿ ಕೋಷ್ಟಕ ತಿದ್ದುವಾಗ ಕಾರ್ಖಾನೆಯವರು ಇಟ್ಟ ಎತ್ತರದ ಲಗಾಮನ್ನು ಕೆಲವರು ಸಡಿಲಿಸಿಬಿಡುತ್ತಾರೆ. ಬೆಂಗಳೂರಿನ ರಸ್ತೆಯಲ್ಲಿ ಏನೂ ಗೊತ್ತಾಗುವುದಿಲ್ಲ, ಪಿಕಪ್ ಚೆನ್ನಾಗಿದೆ ಎನ್ನಿಸುತ್ತದೆ. ಅದೇ ಕಾರನ್ನು ಗೆಳೆಯರೊಂದಿಗೆ ಲೇಹ್‌ಗೆ ಒಯ್ದರೆ, ಕೇಳಿದಷ್ಟು ಒತ್ತಡ ಕೊಡಲು ಟರ್ಬೊ ತನ್ನ ಮಿತಿಯನ್ನು ದಾಟಿ ತಿರುಗುತ್ತದೆ. ಒಡೆಯುವುದು ಮೆಕ್ಯಾನಿಕ್ ಸಿಗದ ಜಾಗದಲ್ಲೇ. ಅಂಥ ಪ್ರವಾಸಕ್ಕೆ ಮುಂಚೆ ಕಾರ್ಖಾನೆಯ ಮೂಲ ಕೋಷ್ಟಕವನ್ನೇ ಮರಳಿ ಹಾಕಿಸುವುದು ಕ್ಷೇಮ. ಇನ್ನೊಂದು ಮಾತು, ಇದು ಟರ್ಬೊಗೆ ನೇರವಾಗಿ ಸೇರಿದ್ದಲ್ಲ: ಬ್ರೇಕ್ ಪೆಡಲ್ ಹಗುರಾಗಿರುವುದು ನಿರ್ವಾತ ಮತ್ತು ಹೊರಗಿನ ವಾಯುಭಾರದ ವ್ಯತ್ಯಾಸದಿಂದ. ಆ ವಾಯುಭಾರವೇ ಅರ್ಧವಾದಲ್ಲಿ ಈ ಸಹಾಯವೂ ಕುಗ್ಗುತ್ತದೆ, ಪೆಡಲ್ ಗಟ್ಟಿ ಎನ್ನಿಸುತ್ತದೆ. ಇಳಿಜಾರಿನಲ್ಲಿ ಕೆಳಗಿನ ಗೇರಿನಲ್ಲೇ ಇಳಿಯಬೇಕು ಎಂದು ಹಳೆಯ ಚಾಲಕರು ಹೇಳುವುದನ್ನು ಅಲ್ಲಿ ಮರೆಯಬಾರದು.

ಇನ್ನು ಪೈಕ್ಸ್ ಪೀಕಿನ ಕಡೆಯ ಸುದ್ದಿ. 2018ರಲ್ಲಿ ರೊಮೇನ್ ಡ್ಯೂಮಾ ಎಂಬ ಫ್ರೆಂಚ್ ಚಾಲಕ ಲೋಬ್‌ರ ದಾಖಲೆಯನ್ನು ಮುರಿದರು. 7 ನಿಮಿಷ 57.148 ಸೆಕೆಂಡು; ಎಂಟು ನಿಮಿಷದ ಒಳಗೆ ಅಲ್ಲಿ ಹತ್ತಿದವರಲ್ಲಿ ಅವರೇ ಮೊದಲಿಗರು. ಅವರ ಫೋಕ್ಸ್‌ವ್ಯಾಗನ್ ಕಾರಿಗೆ ಇದ್ದದ್ದು 680 ಅಶ್ವಶಕ್ತಿ, ಲೋಬ್‌ರ ಕಾರಿಗಿಂತ ಸುಮಾರು 200 ಕಡಿಮೆ. ಆದರೆ ಅದು ವಿದ್ಯುತ್ ಕಾರು. ಅದರಲ್ಲಿ ಏನೂ ಉರಿಯುವುದಿಲ್ಲ, ಆದ್ದರಿಂದ ಬುಡದಲ್ಲಿದ್ದ ಶಕ್ತಿಗೆ ತುದಿಯ ತೆಳುಗಾಳಿ ಕನ್ನ ಹಾಕಲಿಲ್ಲ. ಆದರೂ ಆ ಕಾರಿನ ಚಿತ್ರ ನೋಡಿದರೆ ಹಿಂಬದಿಯಲ್ಲಿ ಒಂದು ಭಾರಿ ರೆಕ್ಕೆ ಕಾಣುತ್ತದೆ. ವೇಗವಾಗಿ ತಿರುಗುವ ಕಾರನ್ನು ನೆಲಕ್ಕೆ ಒತ್ತಿಹಿಡಿಯುವುದು ಅದರ ಮೇಲೆ ಹರಿಯುವ ಗಾಳಿ. ಆ ಎತ್ತರದಲ್ಲಿ ಗಾಳಿಯ ಹಿಡಿತವೂ ಮೂರನೇ ಒಂದರಷ್ಟು ಕಡಿಮೆಯಾಗುವುದರಿಂದ ರೆಕ್ಕೆಯನ್ನು ಅಷ್ಟು ದೊಡ್ಡದಾಗಿ ಮಾಡಬೇಕಾಯಿತು.